ಕಾರಿನ ಸ್ವಯಂ ನಿರ್ವಹಣೆ

ಕಾರಿನ ಸ್ವಯಂ ನಿರ್ವಹಣೆ ಎಂದರೆ ಕಾರಿನ ಮಾಲೀಕರು ಗ್ಯಾರೇಜಿನ ಅಥವಾ ಕಂಪನಿಯ ಸೇವಾಕೇಂದ್ರದ ನೆರವು ಪಡೆಯದೆ ವಾಹನದ ತಪಾಸಣೆ, ಎಂಜಿನ್ ಆಯಿಲ್ ಬದಲಾವಣೆ, ಬಿಡಿಭಾಗಗಳ ಜೋಡಣೆ ಹಾಗೂ ಸಣ್ಣಪುಟ್ಟ ದುರಸ್ತಿಗಳನ್ನು ಮನೆಯಲ್ಲೇ ಮಾಡಿಕೊಳ್ಳುವ ರೂಢಿ. ಹಣದ ಉಳಿತಾಯ, ಕೆಲಸದ ಗುಣಮಟ್ಟದ ಬಗೆಗಿನ ಕಾಳಜಿ ಮತ್ತು ಯಂತ್ರದ ಮೇಲಿನ ಆಸಕ್ತಿ ಇದಕ್ಕೆ ಸಾಮಾನ್ಯ ಕಾರಣಗಳು. ನಗರಗಳಿಂದ ದೂರವಿರುವ ಊರುಗಳಲ್ಲಿ ಇದು ಆಸಕ್ತಿಗಿಂತ ಹೆಚ್ಚಾಗಿ ಅಗತ್ಯದಿಂದ ಹುಟ್ಟಿದ ರೂಢಿಯಾಗಿದೆ. ಈ ಕೆಲಸದಲ್ಲಿ ಎದುರಾಗುವ ಹತಾಶೆಗೆ ಮಾಲೀಕರ ಕೌಶಲದ ಕೊರತೆಯೇ ಕಾರಣವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಗಟ್ಟಿ ನೆಲ, ಸರಿಯಾದ ಸಲಕರಣೆ, ತಯಾರಕರ ದುರಸ್ತಿ ಮಾಹಿತಿ ಮತ್ತು ಬಿಡಿಭಾಗ ಇವುಗಳಲ್ಲಿ ಯಾವುದೋ ಒಂದು ಇಲ್ಲದಿರುವುದರಿಂದಲೇ ಹೆಚ್ಚಿನ ಕೆಲಸಗಳು ನಡುವೆ ನಿಲ್ಲುತ್ತವೆ. ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಉಗಾರ ಖುರ್ದ ಮತ್ತು ಅದರ ಸುತ್ತಲಿನ ಕೃಷ್ಣಾ ತೀರದ ಕಬ್ಬಿನ ಸೀಮೆಯಲ್ಲಿ ಈ ತೊಡಕುಗಳಿಗೆ ಮಣ್ಣು, ನದಿ ಮತ್ತು ಸಕ್ಕರೆ ಉದ್ಯಮ ಸೇರಿ ತಮ್ಮದೇ ಆದ ರೂಪ ಕೊಟ್ಟಿವೆ.

ಹಿನ್ನೆಲೆ

ಭಾರತದಲ್ಲಿ ಕಾರು ತಯಾರಿಕೆಯ ಮೊದಲ ದಶಕಗಳಲ್ಲಿ ಮಾಲೀಕ ಅಥವಾ ಆತನ ಚಾಲಕ ಅರ್ಧ ಮೆಕ್ಯಾನಿಕ್ ಆಗಿರುವುದು ಅನಿವಾರ್ಯವಾಗಿತ್ತು. ದೇಶದಲ್ಲೇ ಮೋಟಾರು ಕಾರ್ಖಾನೆ ಆರಂಭಿಸುವ ಯೋಜನೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ರೂಪಿಸಿದ್ದರು. ಹಿಂದುಸ್ತಾನ್ ಮೋಟಾರ್ಸ್ 1942ರಲ್ಲಿ, ವಾಲ್‌ಚಂದ್ ಹೀರಾಚಂದ್ ಅವರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಸ್ಥಾಪನೆಯಾದವು. 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಬಾನೆಟ್ಟಿನೊಳಗೆ ಎಂಜಿನಿನ ಸುತ್ತ ಕೈಯಾಡಿಸುವಷ್ಟು ಜಾಗವಿತ್ತು. ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು, ಸ್ಪಾರ್ಕ್ ಪ್ಲಗ್ಗಿನ ಮಸಿ ಉಜ್ಜುವುದು, ಡಿಸ್ಟ್ರಿಬ್ಯೂಟರ್ ಪಾಯಿಂಟುಗಳ ನಡುವಿನ ಅಂತರವನ್ನು ತೆಳುವಾದ ಅಳತೆ ಪಟ್ಟಿಯಿಂದ ಸರಿಪಡಿಸುವುದು ರಸ್ತೆಬದಿಯಲ್ಲಿಯೂ ನಡೆಯುತ್ತಿದ್ದ ಕೆಲಸಗಳು. ಈ ಸರಳತೆಯನ್ನು ಅತಿಯಾಗಿ ಹೊಗಳುವುದು ಸರಿಯಲ್ಲ. ಅಂದಿನ ಕಾರುಗಳನ್ನು ಮನೆಯಲ್ಲಿ ಸರಿಪಡಿಸಲು ಸಾಧ್ಯವಿದ್ದಂತೆಯೇ ಅವು ಪದೇಪದೇ ಕೆಡುತ್ತಲೂ ಇದ್ದವು.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸದಿಂದ ಬಂದ ಅಂಬಾಸಿಡರ್‌ನ ನಟ್ಟು-ಬೋಲ್ಟುಗಳು ಇಂಚಿನ ಅಳತೆಯವು. ಮಿಲಿಮೀಟರ್ ಅಳತೆಯ ಪಾನಾಗಳು ಪೇಟೆಯನ್ನು ತುಂಬಿದ ಮೇಲೆ, ಇಂಚಿನ ನಟ್ಟಿಗೆ ಹತ್ತಿರದ ಮಿಲಿಮೀಟರ್ ಪಾನಾ ಹಾಕಿ ತಿರುಗಿಸುವ ರೂಢಿ ಬೆಳೆಯಿತು. ನಟ್ಟಿನ ಆರು ಮೂಲೆಗಳು ಸವೆದು ಗುಂಡಗಾಗುವುದಕ್ಕೆ ಇದಕ್ಕಿಂತ ಸುಲಭದ ದಾರಿ ಬೇರೆಯಿಲ್ಲ. ಹಳೆಯ ಕಾರುಗಳನ್ನು ಇಂದು ಕೊಳ್ಳುವವರು ಹಿಂದಿನ ಮೂರು-ನಾಲ್ಕು ಮಾಲೀಕರ ಇಂತಹ ಅವಸರದ ಫಲವನ್ನೂ ಜೊತೆಗೇ ಕೊಂಡುಕೊಳ್ಳುತ್ತಾರೆ.

1983ರ ಡಿಸೆಂಬರ್ 14ರಂದು ಮಾರುಕಟ್ಟೆಗೆ ಬಂದ ಮಾರುತಿ 800 ಕಾರು 796 ಘನ ಸೆಂಟಿಮೀಟರ್ ಸಾಮರ್ಥ್ಯದ, ಮೂರು ಸಿಲಿಂಡರುಗಳ, ಅಡ್ಡಲಾಗಿ ಕೂರಿಸಿದ ಎಂಜಿನನ್ನು ಹೊಂದಿತ್ತು. ಮುಂಚಕ್ರಗಳಿಗೆ ಶಕ್ತಿ ರವಾನಿಸುವ ಈ ವಿನ್ಯಾಸದಲ್ಲಿ ಜಾಗ ಉಳಿಯಿತಾದರೂ ಕೈ ಹೋಗುವ ಸಂದು ಕಿರಿದಾಯಿತು. 2000ದಲ್ಲಿ ಯುರೋಪಿನ ಮೊದಲ ಹಂತಕ್ಕೆ ಸಮನಾದ ಮಾಲಿನ್ಯ ಮಿತಿ ದೇಶದಾದ್ಯಂತ ಜಾರಿಯಾದ ಬಳಿಕ ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರ್ ಸ್ಥಾನಕ್ಕೆ ಇಂಧನ ಇಂಜೆಕ್ಷನ್ ಬಂತು. ಭಾರತ್ ಸ್ಟೇಜ್-4 ಮಿತಿ 2017ರ ಏಪ್ರಿಲ್ 1ರಿಂದ, ಭಾರತ್ ಸ್ಟೇಜ್-6 ಮಿತಿ 2020ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಅನ್ವಯವಾದವು. ಹೊಗೆಯಲ್ಲಿನ ವಿಷ ತಗ್ಗಿದ್ದು ನಿಜ; ಬಾನೆಟ್ಟು ತೆರೆದವರ ಕೈಗೆ ಸಿಗುವ ಕೆಲಸ ಕಡಿಮೆಯಾದದ್ದೂ ಅಷ್ಟೇ ನಿಜ.

ಉಗಾರ ಖುರ್ದದ ಸನ್ನಿವೇಶ

ಉಗಾರ ಖುರ್ದ ಕೃಷ್ಣಾ ನದಿಯ ದಂಡೆಯ ಊರು. 1939ರಲ್ಲಿ ಸ್ಥಾಪಿತವಾದ ಉಗಾರ ಶುಗರ್ ವರ್ಕ್ಸ್ ಸಕ್ಕರೆ ಕಾರ್ಖಾನೆಯಿಂದಾಗಿ ಇದು ಹೆಸರಾಗಿದೆ. ಮಿರಜ್–ಲೋಂಡಾ ರೈಲುಮಾರ್ಗದಲ್ಲಿ ಇಲ್ಲಿಗೆ ನಿಲ್ದಾಣವಿದೆ. ಕನ್ನಡ-ಮರಾಠಿ ಎರಡೂ ಬಳಕೆಯಲ್ಲಿರುವ ಈ ಗಡಿಸೀಮೆಗೆ ಜಿಲ್ಲಾಕೇಂದ್ರವಾದ ಬೆಳಗಾವಿಗಿಂತ ಮಹಾರಾಷ್ಟ್ರದ ಮಿರಜ್ ಮತ್ತು ಸಾಂಗ್ಲಿ ಬಹಳ ಹತ್ತಿರ. ಊರಿನ ಅಂಗಡಿಯಲ್ಲಿ ಸಿಗದ ಬಿಡಿಭಾಗಕ್ಕಾಗಿ ರಾಜ್ಯದ ಗಡಿ ದಾಟುವುದು ಇಲ್ಲಿ ವಿಶೇಷವಲ್ಲ. ದುರಸ್ತಿಯ ಮಾತಿನಲ್ಲೂ ಎರಡು ಭಾಷೆಗಳು ಬೆರೆತಿವೆ. ದಕ್ಷಿಣ ಕರ್ನಾಟಕದಲ್ಲಿ ಸ್ಪ್ಯಾನರ್ ಎನ್ನುವುದಕ್ಕೆ ಇಲ್ಲಿ ಪಾನಾ ಎನ್ನುತ್ತಾರೆ. ಹೆಚ್ಚುವರಿ ಚಕ್ರಕ್ಕೆ ಮಾತ್ರ ಎಲ್ಲೆಡೆಯೂ ಸ್ಟೆಪ್ನಿ ಎಂಬ ಹೆಸರೇ ಇದೆ.

ಮನೆಯ ಅಂಗಳದ ನೆಲವೇ ಇಲ್ಲಿನ ಮೊದಲ ತೊಡಕು. ನದಿತೀರದ ಎರೆಮಣ್ಣು ಒದ್ದೆಯಾದಾಗ ಉಬ್ಬಿ ಮೆತ್ತಗಾಗುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಕಾರಿನೊಂದಿಗೆ ಬರುವ ಕತ್ತರಿ ಜಾಕಿನ ಪಾದ ಅಂಗೈಯಷ್ಟು ಅಗಲವಿರುತ್ತದೆ. ಮಳೆಗಾಲದಲ್ಲಿ ಅದನ್ನು ಎರೆಮಣ್ಣಿನ ಮೇಲಿಟ್ಟರೆ ಕಾರು ಮೇಲೇಳುವ ಬದಲು ಜಾಕು ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾಗಿ ಕಾಣುವ ನೆಲದ ಬಿರುಕಿನ ಅಂಚು ಭಾರ ಬಿದ್ದೊಡನೆ ಕುಸಿದು ಜಾಕು ವಾಲುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸುಲಭವಾಗಿ ಸಿಗುವ ಶಹಾಬಾದ್ ಫರ್ಸಿಯನ್ನು ಅಡಿಗೆ ಹಾಸುವ ರೂಢಿಯಿದೆ. ಆದರೆ ತಳದಲ್ಲಿ ಎಲ್ಲ ಕಡೆ ಆಧಾರವಿಲ್ಲದ ಫರ್ಸಿಗಲ್ಲು ಒಂದೇ ಬಿಂದುವಿನ ಭಾರಕ್ಕೆ ಸೀಳುತ್ತದೆ. ಎರಡು ಅಂಗುಲ ದಪ್ಪದ, ಅಗಲವಾದ ಮರದ ಹಲಗೆ ಇದಕ್ಕಿಂತ ಸುರಕ್ಷಿತ.

ಕಬ್ಬು ಅರೆಯುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ನಲ್ಲಿ ಆರಂಭವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಆ ತಿಂಗಳುಗಳಲ್ಲಿ ಟ್ರ್ಯಾಕ್ಟರು-ಟ್ರೇಲರುಗಳ ಸಾಲು ಎಬ್ಬಿಸುವ ಧೂಳು, ಗದ್ದೆಗಳಲ್ಲಿ ರವದಿ ಸುಟ್ಟ ಹೊಗೆ ಮತ್ತು ಬಾಯ್ಲರುಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿದಾಗ ಏಳುವ ಹಗುರ ಬೂದಿ ಸೇರಿ ಕಾರಿನ ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತವೆ. ಮಾಲೀಕರ ಕೈಪಿಡಿಗಳು ಧೂಳಿನ ಪ್ರದೇಶಗಳಲ್ಲಿ ಫಿಲ್ಟರನ್ನು ನಿಗದಿತ ಅವಧಿಗಿಂತ ಮೊದಲೇ ಪರೀಕ್ಷಿಸಲು ಸೂಚಿಸುತ್ತವೆ. ಅದೃಷ್ಟವಶಾತ್ ಮನೆಯಲ್ಲಿ ಮಾಡಬಹುದಾದ ಕೆಲಸಗಳಲ್ಲಿ ಇದೇ ಅತಿ ಸುಲಭ. ಹೆಚ್ಚಿನ ಕಾರುಗಳಲ್ಲಿ ನಾಲ್ಕು ಕ್ಲಿಪ್ಪುಗಳನ್ನು ಬಿಡಿಸಿದರೆ ಫಿಲ್ಟರು ಕೈಗೆ ಬರುತ್ತದೆ. ಕಾರಿನ ಮೇಲೆ ಕೂತ ಬೂದಿಯನ್ನು ಒಣಬಟ್ಟೆಯಿಂದ ಒರೆಸಬಾರದು. ಅದರಲ್ಲಿರುವ ಮರಳಿನಂಥ ಕಣಗಳು ಬಣ್ಣದ ಮೇಲೆ ಗೀರು ಮೂಡಿಸುತ್ತವೆ. ಮೊದಲು ನೀರು ಹಾಯಿಸಬೇಕು.

ಕಚ್ಚಿಕೊಂಡ ಬೋಲ್ಟು

ಸ್ವಯಂ ನಿರ್ವಹಣೆಯ ಹತಾಶೆಗೆ ಒಂದೇ ಪ್ರತಿನಿಧಿಯನ್ನು ಆರಿಸಬೇಕಾದರೆ ಅದು ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟು. ಕೈಪಿಡಿಯಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಕೆಲಸ ಇದರಿಂದಾಗಿ ವಾರಗಟ್ಟಲೆ ನಿಲ್ಲಬಹುದು. ಅಮೆರಿಕದ ಲೇಖಕ ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಕೃತಿಯಲ್ಲಿ ಇಂತಹ ಒಂದು ತಿರುಪಿನ ಸಮಸ್ಯೆಯನ್ನು ತಾತ್ತ್ವಿಕ ಚರ್ಚೆಯ ವಸ್ತುವಾಗಿಯೇ ಎತ್ತಿಕೊಂಡಿದ್ದಾನೆ. ಕೆಲವೇ ಪೈಸೆ ಬೆಲೆಯ ತಿರುಪು ಕಳಚದಿದ್ದಾಗ ಅದರ ಬೆಲೆ ಇಡೀ ವಾಹನದ ಬೆಲೆಗೆ ಸಮನಾಗುತ್ತದೆ ಎಂಬುದು ಆ ಚರ್ಚೆಯ ಸಾರ.

ಬೋಲ್ಟು ಕಚ್ಚಿಕೊಳ್ಳುವುದಕ್ಕೆ ತುಕ್ಕಿನ ಗಾತ್ರವೇ ಕಾರಣ. ಕಬ್ಬಿಣ ತುಕ್ಕಾದಾಗ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಆಕ್ರಮಿಸಿ, ಎಳೆಗಳ ನಡುವಿನ ಸಂದನ್ನು ಬಿಗಿಯಾಗಿ ತುಂಬುತ್ತದೆ. ಅಲ್ಯೂಮಿನಿಯಂ ಭಾಗದೊಳಗೆ ಉಕ್ಕಿನ ಬೋಲ್ಟು ಇದ್ದಲ್ಲಿ ಎರಡು ಲೋಹಗಳ ನಡುವಿನ ವಿದ್ಯುದ್ರಾಸಾಯನಿಕ ಕ್ರಿಯೆಯೂ ಸೇರಿಕೊಳ್ಳುತ್ತದೆ. ಇಂತಹ ಬೋಲ್ಟಿಗೆ ಒಳನುಗ್ಗುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡುವುದು, ತಲೆಯ ಮೇಲೆ ಸುತ್ತಿಗೆಯಿಂದ ಮೆಲ್ಲನೆ ತಟ್ಟುವುದು, ಬಿಚ್ಚುವ ಮೊದಲು ತುಸು ಬಿಗಿಯುವ ದಿಕ್ಕಿಗೇ ಒತ್ತಿ ತುಕ್ಕಿನ ಹಿಡಿತ ಮುರಿಯುವುದು ಬಲ್ಲವರ ಕ್ರಮ. ಹನ್ನೆರಡು ಮೂಲೆಗಳ ಸಾಕೆಟ್ಟಿಗಿಂತ ಆರು ಮೂಲೆಗಳ ಸಾಕೆಟ್ಟು ಬೋಲ್ಟಿನ ತಲೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಪಾನಾದ ಹಿಡಿಗೆ ಕೊಳವೆ ಸಿಕ್ಕಿಸಿ ಜಗ್ಗುವುದು ಕೊನೆಯ ಉಪಾಯವಾಗಬೇಕು. ಹೆಚ್ಚಿನವರಿಗೆ ಅದೇ ಮೊದಲ ಉಪಾಯವಾಗಿರುತ್ತದೆ, ಪರಿಣಾಮವಾಗಿ ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ. ಒಳಗುಳಿದ ತುಂಡನ್ನು ಕೊರೆದು ತೆಗೆಯುವುದಕ್ಕೆ ಲೇತ್ ಇರುವ ವರ್ಕ್‌ಶಾಪನ್ನೇ ಅವಲಂಬಿಸಬೇಕಾಗುತ್ತದೆ.

ಸಕ್ಕರೆ ಕಾರ್ಖಾನೆಯ ಉಪಉತ್ಪನ್ನವಾದ ಕಾಕಂಬಿ ತುಕ್ಕು ಬಿಡಿಸುವುದಕ್ಕೂ ಉಪಯುಕ್ತ. ಕಾಕಂಬಿಯ ಒಂದು ಪಾಲಿಗೆ ಸುಮಾರು ಒಂಬತ್ತು ಪಾಲು ನೀರು ಬೆರೆಸಿ ಉಕ್ಕಿನ ಬಿಡಿಭಾಗಗಳನ್ನು ಒಂದೆರಡು ವಾರ ಮುಳುಗಿಸಿಟ್ಟರೆ ತುಕ್ಕು ಕರಗಿ ಒಳಲೋಹ ಉಳಿಯುತ್ತದೆ. ಹಳೆಯ ವಾಹನಗಳನ್ನು ಪುನರುಜ್ಜೀವನಗೊಳಿಸುವವರು ಅನೇಕ ದೇಶಗಳಲ್ಲಿ ಈ ವಿಧಾನವನ್ನು ಬಳಸುತ್ತಾರೆ. ವಾಸನೆ ಸಹಿಸಲಾಗದಷ್ಟಿರುತ್ತದೆ ಎಂಬುದನ್ನು ಬಿಟ್ಟರೆ ಖರ್ಚು ಅತ್ಯಲ್ಪ. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಇದರಲ್ಲಿ ಹಾಕಬಾರದು, ಅವು ಕೊರೆದುಹೋಗುತ್ತವೆ.

ಬಿಚ್ಚುವಾಗಿನ ತೊಡಕಿಗೆ ಎದುರಾದ ತಪ್ಪು ಬಿಗಿಯುವಾಗ ನಡೆಯುತ್ತದೆ. ಎಂಜಿನ್ ಆಯಿಲ್ ಇಳಿಸುವ ತಳದ ಬೋಲ್ಟನ್ನು ಸೋರೀತೆಂಬ ಭಯದಿಂದ ಅತಿಯಾಗಿ ಬಿಗಿದರೆ ಅಲ್ಯೂಮಿನಿಯಂ ಪಾತ್ರೆಯ ಎಳೆಗಳು ಕಿತ್ತುಬರುತ್ತವೆ. ಸಣ್ಣ ಕಾರೊಂದಕ್ಕೆ 3ರಿಂದ 4 ಲೀಟರ್ ಆಯಿಲ್ ಬದಲಿಸಿ ಕೆಲವು ನೂರು ರೂಪಾಯಿ ಕೂಲಿ ಉಳಿಸಲು ಹೊರಟವರು ಇಡೀ ಪಾತ್ರೆಯನ್ನೇ ಬದಲಿಸಬೇಕಾದ ಸಂದರ್ಭ ಬರುತ್ತದೆ. ಪ್ರತಿ ಬೋಲ್ಟಿಗೂ ತಯಾರಕರು ನಿಗದಿಪಡಿಸಿದ ಬಿಗಿತವನ್ನು ಅಳೆಯಲು ಟಾರ್ಕ್ ರೆಂಚ್ ಎಂಬ ಸಲಕರಣೆಯಿದೆ. ಅದರ ಬೆಲೆ ಒಂದು ಬಾರಿಯ ಕೂಲಿಗಿಂತ ಹೆಚ್ಚಾದ್ದರಿಂದ ಮನೆಯ ಸಲಕರಣೆಗಳಲ್ಲಿ ಅದು ಕಾಣುವುದು ಅಪರೂಪ.

ಕೆಲಸದ ನಡುವೆ ಬಿಡಿಭಾಗ ಮುರಿದರೆ ಅದನ್ನು ತರಲು ಬೇಕಾದ ಕಾರೇ ಅಂಗಳದಲ್ಲಿ ಬಿಚ್ಚಿಕೊಂಡು ನಿಂತಿರುತ್ತದೆ. ಬಿಡುವಿನ ದಿನವೆಂದು ಭಾನುವಾರ ಕೆಲಸಕ್ಕಿಳಿದರೆ ಬಿಡಿಭಾಗದ ಅಂಗಡಿಗೂ ಅಂದೇ ಬಿಡುವು. ಹೀಗಾಗಿ ಬೇಕಾಗಬಹುದಾದ ವಾಷರು, ಗ್ಯಾಸ್ಕೆಟ್ಟು, ಕ್ಲಿಪ್ಪುಗಳನ್ನು ಮೊದಲೇ ತಂದಿಟ್ಟುಕೊಂಡು, ಪ್ರತಿ ಹಂತವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದು ಅನುಭವಿಗಳ ರೂಢಿ. ಎಲ್ಲ ಜೋಡಿಸಿ ಮುಗಿಸಿದ ಮೇಲೆ ತಟ್ಟೆಯಲ್ಲಿ ಉಳಿಯುವ ಒಂದು ಬೋಲ್ಟಿಗೆ ಆ ಚಿತ್ರಗಳಲ್ಲಿ ಮಾತ್ರ ಉತ್ತರ ಸಿಗುತ್ತದೆ.

ಎಚ್ಚರಿಕೆ ದೀಪ ಮತ್ತು ದೋಷಸಂಕೇತ

ಇಂದಿನ ಕಾರುಗಳಲ್ಲಿ ಎಂಜಿನಿನ ಮೇಲೆ ನಿಗಾ ಇಡುವ ಗಣಕವು ದೋಷ ಕಂಡಾಗ ಚಾಲಕನ ಮುಂದಿನ ಫಲಕದಲ್ಲಿ ಹಳದಿ ದೀಪ ಹೊತ್ತಿಸಿ, ಒಂದು ಸಂಕೇತವನ್ನು ನೆನಪಿನಲ್ಲಿಡುತ್ತದೆ. ಸ್ಟಿಯರಿಂಗ್ ಕೆಳಗಿನ 16 ಪಿನ್ನುಗಳ ಕಿಂಡಿಗೆ ಅಗ್ಗದ ಉಪಕರಣ ಸಿಕ್ಕಿಸಿದರೆ ಮೊಬೈಲಿನಲ್ಲಿಯೇ ಆ ಸಂಕೇತವನ್ನು ಓದಬಹುದು. ಸ್ವಯಂ ನಿರ್ವಹಣೆಗೆ ಇದು ದೊಡ್ಡ ಅನುಕೂಲವೆಂದು ಮೊದಲ ನೋಟಕ್ಕೆ ತೋರುತ್ತದೆ. ತೊಡಕೆಂದರೆ, ಸಂಕೇತವು ಹೇಳುವುದು ಲಕ್ಷಣವನ್ನು, ರೋಗವನ್ನಲ್ಲ.

ಪಿ0171 ಎಂಬ ಸಂಕೇತವನ್ನು ಉದಾಹರಣೆಯಾಗಿ ನೋಡಬಹುದು. ಎಂಜಿನಿಗೆ ಹೋಗುವ ಮಿಶ್ರಣದಲ್ಲಿ ಗಾಳಿಯ ಪ್ರಮಾಣ ಹೆಚ್ಚಿದೆ ಎಂಬುದಷ್ಟೇ ಇದರ ಅರ್ಥ. ಬಿರುಕುಬಿಟ್ಟ ರಬ್ಬರ್ ಕೊಳವೆ, ಕೊಳೆಯಾದ ಗಾಳಿಮಾಪಕ, ದುರ್ಬಲ ಇಂಧನ ಪಂಪು, ಕಟ್ಟಿಕೊಂಡ ಇಂಜೆಕ್ಟರು ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಸಂಕೇತ ಓದಿದೊಡನೆ ಆಮ್ಲಜನಕ ಸಂವೇದಕವನ್ನು ಬದಲಿಸುವವರು ಅನೇಕರು. ಹೊಸ ಸಂವೇದಕವೂ ಹಳೆಯದರಂತೆಯೇ ನಿಜವನ್ನು ವರದಿ ಮಾಡುತ್ತದೆ, ದೀಪ ಮತ್ತೆ ಹೊತ್ತುತ್ತದೆ. ಕೆಲವು ನೂರು ರೂಪಾಯಿಯ ಕೊಳವೆಯ ಬಿರುಕಿಗೆ ಕೆಲವು ಸಾವಿರ ರೂಪಾಯಿ ಹೀಗೆ ವೆಚ್ಚವಾಗುತ್ತದೆ.

ಬ್ಯಾಟರಿ ಬದಲಾವಣೆಯೂ ಮೊದಲಿನಷ್ಟು ಸರಳವಾಗಿ ಉಳಿದಿಲ್ಲ. ಸಂಪರ್ಕ ಕಡಿದಾಗ ಕೆಲವು ಕಾರುಗಳಲ್ಲಿ ರೇಡಿಯೊ ಗುಪ್ತಸಂಖ್ಯೆ ಕೇಳುತ್ತದೆ, ಕಿಟಕಿಗಳ ಸ್ವಯಂಚಾಲಿತ ಏರಿಳಿತ ಮರೆತುಹೋಗುತ್ತದೆ, ಎಂಜಿನು ತನ್ನ ನಿಂತಲ್ಲಿನ ವೇಗವನ್ನು ಮತ್ತೆ ಕಲಿಯಬೇಕಾಗುತ್ತದೆ. ಭಾರತ್ ಸ್ಟೇಜ್-6 ಡೀಸೆಲ್ ಕಾರುಗಳ ಮಸಿ ಸೋಸುವ ಫಿಲ್ಟರಿಗೆ ಕಡಿಮೆ ಬೂದಿಯ ಎಂಜಿನ್ ಆಯಿಲ್ ಬೇಕು. ಡಬ್ಬಿಯ ಮೇಲಿನ ದರ್ಜೆ ನೋಡದೆ ಟ್ರ್ಯಾಕ್ಟರಿಗೆ ತಂದ ಆಯಿಲನ್ನೇ ಸುರಿದರೆ ದುಬಾರಿ ಫಿಲ್ಟರು ಕಾಲಕ್ರಮದಲ್ಲಿ ಕಟ್ಟಿಕೊಳ್ಳುತ್ತದೆ.

ಇಲಿ ಮತ್ತು ವೈರು

ಕಬ್ಬು ಕಡಿದ ಮೇಲೆ ಗದ್ದೆಯ ಇಲಿ-ಹೆಗ್ಗಣಗಳು ಆಸರೆ ಹುಡುಕುತ್ತ ಮನೆಗಳತ್ತ ಬರುತ್ತವೆ. ಚಳಿಗಾಲದ ರಾತ್ರಿಯಲ್ಲಿ ಈಗಷ್ಟೇ ಓಡಿ ಬಂದು ನಿಂತ ಕಾರಿನ ಎಂಜಿನ್ ಕೋಣೆ ಬೆಚ್ಚಗಿರುತ್ತದೆ. ಸದಾ ಬೆಳೆಯುವ ಹಲ್ಲುಗಳನ್ನು ಸವೆಸಲು ಇಲಿಗಳು ವೈರುಗಳನ್ನು ಕಡಿಯುತ್ತವೆ. ತುಂಡಾದ ಒಂದು ವೈರಿನಿಂದ ಸಂಬಂಧವೇ ಇಲ್ಲದ ಮೂರು ದೋಷಸಂಕೇತಗಳು ಹುಟ್ಟಿ ಹುಡುಕಾಟ ದಿಕ್ಕುತಪ್ಪುವುದು ಸಾಮಾನ್ಯ. ಬಾನೆಟ್ಟಿನೊಳಗೆ ತಂಬಾಕಿನ ಎಲೆ ಅಥವಾ ನುಸಿಗುಳಿಗೆ ಇಡುವ ರೂಢಿ ವ್ಯಾಪಕವಾಗಿದೆ. ತಂಬಾಕಿಗೆ ಹೆಸರಾದ ನಿಪ್ಪಾಣಿ ಇದೇ ಸೀಮೆಯಲ್ಲಿದೆ. ಒಣ ಎಲೆ ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದರೆ ಬೆಂಕಿಯ ಅಪಾಯವಿದೆ. ರಾತ್ರಿ ಬಾನೆಟ್ಟು ತೆರೆದಿಡುವುದು, ಒಳಗಿನ ಕಸಕಡ್ಡಿ ತೆಗೆಯುವುದು ಮತ್ತು ಕೆಳಭಾಗಕ್ಕೆ ತಂತಿಬಲೆ ಹಾಕಿಸುವುದು ಹೆಚ್ಚು ಭರವಸೆಯ ಕ್ರಮಗಳು.

ಎಥೆನಾಲ್ ಮಿಶ್ರಿತ ಪೆಟ್ರೋಲ್

ಕಬ್ಬು ಬೆಳೆಯುವ ಸೀಮೆಗೆ ಈ ವಿಷಯದಲ್ಲಿ ಎರಡು ಮುಖಗಳಿವೆ. ಕಾಕಂಬಿ ಮತ್ತು ಕಬ್ಬಿನ ರಸದಿಂದ ತಯಾರಾಗುವ ಎಥೆನಾಲ್ ಕಾರ್ಖಾನೆಗಳಿಗೆ ಆದಾಯದ ಮೂಲ. ಅದೇ ಎಥೆನಾಲ್ ಹಳೆಯ ಕಾರಿನ ಇಂಧನ ವ್ಯವಸ್ಥೆಗೆ ಹೊಸ ಸಮಸ್ಯೆ. ಭಾರತದಲ್ಲಿ ಪೆಟ್ರೋಲಿಗೆ ಶೇ. 10ರಷ್ಟು ಎಥೆನಾಲ್ ಬೆರೆಸುವ ಗುರಿ 2022ರಲ್ಲಿ ತಲುಪಿತು. ಶೇ. 20ರ ಮಿಶ್ರಣಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. 2030ಕ್ಕೆಂದು ಇಟ್ಟುಕೊಂಡಿದ್ದ ಆ ಗುರಿಯನ್ನು 2025ರಲ್ಲಿಯೇ ಮುಟ್ಟಿದುದಾಗಿ ಕೇಂದ್ರ ಸರ್ಕಾರ ಪ್ರಕಟಿಸಿತು.

ಎಥೆನಾಲ್ ಹಳೆಯ ಬಗೆಯ ರಬ್ಬರ್ ಕೊಳವೆ, ಸೀಲು ಮತ್ತು ಬೆಂಡಿನ ಗ್ಯಾಸ್ಕೆಟ್ಟುಗಳನ್ನು ಉಬ್ಬಿಸಿ ಮೆತ್ತಗಾಗಿಸಬಲ್ಲದು. ಅದು ನೀರನ್ನು ಹೀರುತ್ತದೆ. ಹೀರಿದ ನೀರು ಮಿತಿ ಮೀರಿದಾಗ ನೀರು-ಎಥೆನಾಲ್‌ಗಳ ಪದರವೊಂದು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂಡುತ್ತದೆ. ವಾರಗಟ್ಟಲೆ ನಿಂತ ಕಾರ್ಬ್ಯುರೇಟರ್ ಕಾರು ಚಾಲೂ ಆಗದಿರುವುದಕ್ಕೆ ಇದು ಒಂದು ಕಾರಣ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಪಾಲಿನಷ್ಟು ಮಾತ್ರ. ಆದ್ದರಿಂದ ಮೈಲೇಜು ಕೊಂಚ ಕಡಿಮೆಯಾಗುವುದು ಸಹಜ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿಯು ಎಥೆನಾಲ್‌ಗಾಗಿ ವಿನ್ಯಾಸಗೊಳ್ಳದ, ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಈ ಇಳಿಕೆಯನ್ನು ಶೇ. 6ರಿಂದ 7 ಎಂದು ಅಂದಾಜಿಸಿತ್ತು. ಇದನ್ನರಿಯದವರು ಪ್ಲಗ್ಗು, ಫಿಲ್ಟರು, ಇಂಜೆಕ್ಟರುಗಳನ್ನು ಒಂದೊಂದಾಗಿ ಬದಲಿಸುತ್ತ ಇಲ್ಲದ ದೋಷವನ್ನು ಹುಡುಕುತ್ತಾರೆ. ಹಳೆಯ ಕಾರಿನ ಮಾಲೀಕರು ಮನೆಯಲ್ಲಿ ಮಾಡಬೇಕಾದ ಉಪಯುಕ್ತ ಕೆಲಸವೆಂದರೆ ಇಂಧನ ಕೊಳವೆಗಳನ್ನು ಬೆರಳಿನಿಂದ ಒತ್ತಿ ಪರೀಕ್ಷಿಸಿ, ಮೆತ್ತಗಾದ ಅಥವಾ ಬಿರಿದ ಕೊಳವೆಗೆ ಎಥೆನಾಲ್ ತಾಳುವ ಕೊಳವೆ ಹಾಕುವುದು.

ನೆರೆಯ ನಂತರ

2005, 2019 ಮತ್ತು 2021ರಲ್ಲಿ ಕೃಷ್ಣೆ ಉಕ್ಕಿ ಬೆಳಗಾವಿ ಜಿಲ್ಲೆಯ ನದಿತೀರದ ಊರುಗಳಿಗೆ ಭಾರಿ ಹಾನಿ ಮಾಡಿತು. ಮಹಾರಾಷ್ಟ್ರದ ಪಶ್ಚಿಮ ಘಟ್ಟಗಳಲ್ಲಿ ಮಳೆ ಹೆಚ್ಚಿ ಜಲಾಶಯಗಳಿಂದ ನೀರು ಬಿಟ್ಟಾಗ ಇಲ್ಲಿ ನದಿ ಏರುತ್ತದೆ. ಉಗಾರ–ಕುಡಚಿ ನಡುವಿನ ಸೇತುವೆ ಮುಳುಗಿ ಸಂಚಾರ ಕಡಿಯುತ್ತದೆ.

ನೀರು ನಿಂತ ಕಾರಿನ ವಿಷಯದಲ್ಲಿ ಮಾಲೀಕರು ಮಾಡಬಹುದಾದ ಅತಿ ದೊಡ್ಡ ಹಾನಿ ಒಂದೇ ಕ್ಷಣದ್ದು: ನೀರು ಇಳಿದೊಡನೆ ಕೀಲಿ ತಿರುಗಿಸಿ ನೋಡುವುದು. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲಾಗದು. ಸಿಲಿಂಡರಿನೊಳಗೆ ನೀರಿದ್ದಾಗ ಮೇಲೇರುವ ಪಿಸ್ಟನ್ ನಡುವೆಯೇ ತಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಮಗ್ರ ವಿಮೆ ನೆರೆಹಾನಿಗೆ ಪರಿಹಾರ ಕೊಟ್ಟರೂ, ನೀರು ಹೊಕ್ಕ ಎಂಜಿನನ್ನು ಚಾಲೂ ಮಾಡಿದ್ದರಿಂದಾದ ಹಾನಿಯನ್ನು ವಿಮಾ ಕಂಪನಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಅದಕ್ಕೆ ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಬೇಕು. ಬ್ಯಾಟರಿಯ ಋಣ ತಂತಿ ಬಿಡಿಸುವುದು, ನೀರು ಎಲ್ಲಿಯವರೆಗೆ ಏರಿತ್ತೆಂಬುದರ ಚಿತ್ರ ತೆಗೆದಿಟ್ಟುಕೊಳ್ಳುವುದು, ಆಯಿಲ್ ಅಳತೆ ಕಡ್ಡಿಯನ್ನು ಎಳೆದು ನೋಡುವುದು ಮನೆಯ ಮಟ್ಟದಲ್ಲಿ ಮಾಡಬಹುದಾದ ಕೆಲಸಗಳು. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ. ಅಂತಹ ಕಾರನ್ನು ಎಳೆದುಕೊಂಡೇ ಗ್ಯಾರೇಜಿಗೆ ಒಯ್ಯಬೇಕು. ಒಣಗಿ ಸರಿಯಾದಂತೆ ಕಂಡ ಕಾರಿನ ವೈರಿಂಗ್ ಜೋಡಣೆಗಳಲ್ಲಿ ಹಸಿರು ಕಿಲುಬು ತಿಂಗಳುಗಳ ನಂತರ ಕಾಣಿಸಿಕೊಳ್ಳುವುದುಂಟು.

ಮಾಹಿತಿ ಮತ್ತು ಬಿಡಿಭಾಗಗಳ ಲಭ್ಯತೆ

ಕಾರಿನೊಂದಿಗೆ ಕೊಡುವ ಮಾಲೀಕರ ಕೈಪಿಡಿಯು ಬಳಕೆಯ ಸೂಚನೆಗಳಿಗೆ ಸೀಮಿತ. ಬೋಲ್ಟುಗಳ ಬಿಗಿತ, ವೈರಿಂಗ್ ನಕ್ಷೆ, ಬಿಚ್ಚುವ ಕ್ರಮ ಇರುವುದು ವರ್ಕ್‌ಶಾಪ್ ಕೈಪಿಡಿಯಲ್ಲಿ. ಅದನ್ನು ಕಂಪನಿಗಳು ಅಧಿಕೃತ ಸೇವಾಕೇಂದ್ರಗಳಿಗಷ್ಟೇ ಕೊಡುವುದು ರೂಢಿ. ಬ್ರಿಟನ್ನಿನಲ್ಲಿ ಜಾನ್ ಹೇನ್ಸ್ 1966ರಿಂದ ಪ್ರಕಟಿಸಿದ ಮಾಲೀಕರ ದುರಸ್ತಿ ಕೈಪಿಡಿಗಳು ಈ ಕೊರತೆಯನ್ನು ತುಂಬಿದವು. ಕನ್ನಡದಲ್ಲಿ ಅಂತಹ ಪರಂಪರೆ ಬೆಳೆಯಲಿಲ್ಲ. ಆ ಜಾಗವನ್ನು ಈಗ ಅಂತರಜಾಲದ ವಿಡಿಯೊಗಳು ಭಾಗಶಃ ತುಂಬಿವೆ. ಅವುಗಳಲ್ಲಿ ಹಲವು ಎಡಬದಿ ಸ್ಟಿಯರಿಂಗ್ ಇರುವ ದೇಶಗಳವು. ಅಲ್ಲಿ ಬ್ರೇಕ್ ಎಣ್ಣೆಯ ಡಬ್ಬಿ ಇರುವ ಜಾಗದಲ್ಲಿ ಇಲ್ಲಿ ಬೇರೇನೋ ಇರುತ್ತದೆ.

ಭಾರತದಲ್ಲಿ ಈ ವಿಷಯ ಶಂಶೇರ್ ಕಟಾರಿಯಾ ಪ್ರಕರಣದಲ್ಲಿ ಕಾನೂನಿನ ಮುಂದೆ ಬಂತು. 2011ರಲ್ಲಿ ಸಲ್ಲಿಕೆಯಾದ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ಆದೇಶ ನೀಡಿ, 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಮೂಲ ಬಿಡಿಭಾಗಗಳು, ದೋಷಪತ್ತೆ ಉಪಕರಣಗಳು ಮತ್ತು ತಾಂತ್ರಿಕ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ಮಾಡಿರುವುದು ಸ್ಪರ್ಧೆಗೆ ಮಾರಕವೆಂದು ಆಯೋಗ ನಿರ್ಣಯಿಸಿತು. ಕಂಪನಿಗಳು ಮೇಲ್ಮನವಿ ಸಲ್ಲಿಸಿದವು. ಕೆಲವು ಕಂಪನಿಗಳ ಮೇಲ್ಮನವಿಯನ್ನು ವಿಚಾರಿಸಿದ ಮೇಲ್ಮನವಿ ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಮೂಲ ನಿರ್ಣಯವನ್ನು ಎತ್ತಿಹಿಡಿದು, ದಂಡದ ಲೆಕ್ಕವನ್ನು ಬಿಡಿಭಾಗಗಳ ವಹಿವಾಟಿಗೆ ಸೀಮಿತಗೊಳಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿಯೇ ವಾಹನ ದುರಸ್ತಿ ಹಕ್ಕಿನ ಕಾನೂನಿಗೆ ಸಮ್ಮತಿಸಿದ್ದರು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿ, ಅದೇ ವರ್ಷದ ಕೊನೆಯಲ್ಲಿ ಜಾಲತಾಣವೊಂದನ್ನು ಆರಂಭಿಸಿತು.

ಉಗಾರದ ಒಂದು ಬದಿಗೆ ಕೊಲ್ಲಾಪುರ, ಇನ್ನೊಂದು ಬದಿಗೆ ಬೆಳಗಾವಿಯ ಉದ್ಯಮಬಾಗ್ ಇದ್ದು, ಎರಡೂ ವಾಹನೋದ್ಯಮಕ್ಕೆ ಎರಕದ ಭಾಗಗಳನ್ನು ಒದಗಿಸುವ ಫೌಂಡ್ರಿಗಳ ಕೇಂದ್ರಗಳು. ಆದರೂ ಬೇಕಾದ ಬಿಡಿಭಾಗ ಕಂಪನಿಯ ಡಬ್ಬಿಯಲ್ಲಿ ದೂರದ ಗೋದಾಮಿನಿಂದ ಸುತ್ತಿಬರುವವರೆಗೆ ಕಾಯಬೇಕು. ಕಾಯಲಾಗದವರ ಕೈಗೆ ನಕಲಿ ಮಾಲು ಸುಲಭವಾಗಿ ಸಿಗುತ್ತದೆ. ಬ್ರೇಕ್ ಪ್ಯಾಡ್ ಮತ್ತು ಆಯಿಲ್ ಫಿಲ್ಟರುಗಳಲ್ಲಿ ನಕಲಿಯ ಪರಿಣಾಮ ಅತ್ಯಂತ ಗಂಭೀರ.

ಸುರಕ್ಷತೆ

ಜಾಕಿನ ಮೇಲಷ್ಟೇ ನಿಂತ ಕಾರಿನಡಿ ಯಾವ ಕಾರಣಕ್ಕೂ ತೂರಬಾರದು. ಜಾಕು ಎತ್ತುವ ಸಾಧನವೇ ಹೊರತು ಹೊರುವ ಆಧಾರವಲ್ಲ. ಗಟ್ಟಿ ನೆಲದ ಮೇಲೆ ಎರಡು ಉಕ್ಕಿನ ಆಧಾರಸ್ತಂಭಗಳನ್ನಿಟ್ಟು, ನೆಲದ ಮೇಲಿನ ಚಕ್ರಗಳಿಗೆ ತಡೆಗಟ್ಟಿ ಕೆಲಸ ಮಾಡಬೇಕು. ಇಟ್ಟಿಗೆ ಮತ್ತು ಟೊಳ್ಳು ಸಿಮೆಂಟು ಬ್ಲಾಕುಗಳು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ. ಆಧಾರಸ್ತಂಭ ಇಲ್ಲದಿದ್ದರೆ ಆ ಕೆಲಸವನ್ನು ಗ್ಯಾರೇಜಿಗೆ ಬಿಡುವುದೇ ಸರಿ.

ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ಒತ್ತಡದಲ್ಲಿ 100 ಡಿಗ್ರಿ ಸೆಲ್ಸಿಯಸ್ ಮೀರಿದ್ದ ನೀರು ಒಮ್ಮೆಲೇ ಕುದಿದು ಚಿಮ್ಮುತ್ತದೆ. ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಒಂದು ಕಿಡಿ ಸಾಕು. ಬಿಡಿಸುವಾಗ ಋಣ ತಂತಿ ಮೊದಲು, ಜೋಡಿಸುವಾಗ ಅದು ಕೊನೆಗೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್-4 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 230 ಡಿಗ್ರಿಯಿದ್ದರೆ, ತೇವ ಹೀರಿದ ಮೇಲೆ 155 ಡಿಗ್ರಿಯವರೆಗೆ ಇಳಿಯಬಹುದು. ತೆರೆದಿಟ್ಟ ಹಳೆಯ ಡಬ್ಬಿಯ ಎಣ್ಣೆಯನ್ನು ಉಳಿತಾಯದ ಹೆಸರಿನಲ್ಲಿ ಬಳಸುವುದು ಅಪಾಯಕರ. ಏರ್‌ಬ್ಯಾಗ್, ಹವಾನಿಯಂತ್ರಣದ ಅನಿಲ ಮತ್ತು ಡೀಸೆಲ್ ಎಂಜಿನಿನ ಅಧಿಕ ಒತ್ತಡದ ಇಂಧನ ಕೊಳವೆ ಇವು ಮನೆಯಲ್ಲಿ ಕೈಹಾಕಬಾರದ ಭಾಗಗಳು.

ತ್ಯಾಜ್ಯ

ಬಳಸಿದ ಎಂಜಿನ್ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಗ್ರಾಮೀಣ ಭಾಗದಲ್ಲಿ ಇದನ್ನು ಗೆದ್ದಲು ತಡೆಗೆ ಕಂಬ-ಚೌಕಟ್ಟುಗಳಿಗೆ ಬಳಿಯುವುದುಂಟು. ಅಂಗಳದ ಮೂಲೆಯಲ್ಲಿ ಸುರಿದ ಆಯಿಲ್ ನದಿತೀರದ ಊರಿನಲ್ಲಿ ಬಾವಿ ಮತ್ತು ಹಳ್ಳ ಸೇರುವ ಸಾಧ್ಯತೆಯಿದೆ. ಹಳೆಯ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಒಪ್ಪಿಸುವುದು ಪ್ರಾಯೋಗಿಕ ಮಾರ್ಗ. ರೇಡಿಯೇಟರಿನ ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ವಿಷಕಾರಿ. ದನಕರು, ನಾಯಿಗಳು ಅದನ್ನು ನೆಕ್ಕಿ ಸಾಯಬಹುದಾದ್ದರಿಂದ ಕೊಟ್ಟಿಗೆಯಿರುವ ಮನೆಗಳಲ್ಲಿ ವಿಶೇಷ ಎಚ್ಚರ ಅಗತ್ಯ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹಣೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.

ವಿದ್ಯುತ್ ಕಾರುಗಳು

ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಕಾರು 48 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಗಳನ್ನು ಬಳಸುತ್ತಿತ್ತು. ಅವುಗಳಿಗೆ ಕಾಲಕಾಲಕ್ಕೆ ಬಟ್ಟಿ ಇಳಿಸಿದ ನೀರು ಹಾಕುವುದು ನಿರ್ವಹಣೆಯ ಭಾಗವಾಗಿತ್ತು. ಇಂದಿನ ವಿದ್ಯುತ್ ಕಾರುಗಳ ಲಿಥಿಯಂ ಬ್ಯಾಟರಿಗಳು ಸಾಮಾನ್ಯವಾಗಿ 300 ವೋಲ್ಟ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದವು. ಕಿತ್ತಳೆ ಬಣ್ಣದ ಕೇಬಲುಗಳನ್ನು ತರಬೇತಿಯಿಲ್ಲದವರು ಮುಟ್ಟುವಂತಿಲ್ಲ. ಇವುಗಳಲ್ಲಿ ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಇಂಧನ ಫಿಲ್ಟರು ಇಲ್ಲ. ಟಯರಿನ ಗಾಳಿ, ವೈಪರ್ ರಬ್ಬರು, ಕ್ಯಾಬಿನ್ ಫಿಲ್ಟರು ಮತ್ತು ದೀಪ-ಬೀಗಗಳಿಗೆ ಶಕ್ತಿ ಕೊಡುವ 12 ವೋಲ್ಟಿನ ಸಣ್ಣ ಬ್ಯಾಟರಿಯ ತಪಾಸಣೆ ಮಾಲೀಕರ ಪಾಲಿಗೆ ಉಳಿಯುತ್ತವೆ. ಆ ಸಣ್ಣ ಬ್ಯಾಟರಿ ಖಾಲಿಯಾದರೆ, ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಚಾಲೂ ಆಗುವುದಿಲ್ಲ.